ಹರಿದ ಕಿವಿಯ ತಾತ

ಮುನಿಕೃಷ್ಣನ ಕಷ್ಟಕ್ಕೆಲ್ಲ ಮೂಲ ಒಂದು ಹರಿದ ಕಿವಿ. ಅದು ಅವನದೇ ಕಿವಿಯಾಗಿದ್ದರೆ ಯಾರಾದರೂ ಡಾಕ್ಟರ ಹತ್ತಿರ ಹೋಗಿ ಹೊಲಿಸಿಕೊಂಡು ಬರಬಹುದಿತ್ತು. ಆದರೆ ಕಿವಿ ಇದ್ದದ್ದು ಒಂದು ಚಿತ್ರದಲ್ಲಿ, ಚಿತ್ರ ಇದ್ದದ್ದು ಅವನ ಮೊಬೈಲಿನಲ್ಲಿ, ಮೊಬೈಲು ಇದ್ದದ್ದು ನಿದ್ದೆಯ ಹೊತ್ತೊಂದು ಬಿಟ್ಟರೆ ಸದಾ ಅವನ ಕೈಯಲ್ಲಿ.

ಹೊಸಕೋಟೆ ಸೀಮೆಗೆ ಹತ್ತಿರದ ಸಣ್ಣೂರು ಚನ್ನರಾಯಪಟ್ಟಣದ ಬಸ್ ಸ್ಟಾಂಡಿನ ಎದುರು, ಭೀಮರಾಜನ ಬೇಕರಿಯ ಗೋಡೆಗೆ ಅಂಟಿಕೊಂಡಂತೆ ಅವನದೊಂದು ಸಣ್ಣ ಅಂಗಡಿ. ದೇವರ ಪಟಗಳಿಗೆ ಕಟ್ಟು ಹಾಕುವುದು ಅವನ ಹೊಟ್ಟೆಪಾಡು. ಚಿತ್ರ ಬರೆಯುವುದು ಹುಚ್ಚು. ಎರಡೂ ಸೇರಿ ಅವನಿಗೆ ಸುತ್ತಮುತ್ತ ಒಂದು ವಿಚಿತ್ರ ಹೆಸರು ಬಂದಿತ್ತು. ಫೋಟೋ ಹಿಡಿಸಿಕೊಳ್ಳದೆ ತೀರಿಹೋದ ಹಿರೀಕರ ಮುಖವನ್ನು ಬರೆದುಕೊಡುವವನು ಅಂತ. ಪಕ್ಷದ ಹಬ್ಬ ಬಂದರೆ ಈ ಕಡೆ ಮನೆಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಡಬೇಕು, ಎಡೆಯ ಮುಂದೆ ಒಂದು ಮುಖ ಇದ್ದರೆ ಇಟ್ಟವರಿಗೂ ಸಮಾಧಾನ. ಮನೆಯ ಮುದುಕಿಯರು ನೆನಪಿದ್ದಷ್ಟನ್ನು ಹೇಳುತ್ತಿದ್ದರು. ಮಿಕ್ಕದ್ದನ್ನು ಮುನಿಕೃಷ್ಣ ಮೊಬೈಲಿನಿಂದ ತರುತ್ತಿದ್ದ.

ಇಂಟರ್‌ನೆಟ್ಟಿನಲ್ಲಿ ಚಿತ್ರಗಳನ್ನೇ ರಾಶಿ ಹಾಕಿಕೊಂಡು ಕೂತ ಜಾಗಗಳಿವೆಯಲ್ಲ, ಅಲ್ಲಿ ಹೊಕ್ಕರೆ ಮುನಿಕೃಷ್ಣನಿಗೆ ಹೊರಗೆ ಬರುವ ದಾರಿ ತಿಳಿಯುತ್ತಿರಲಿಲ್ಲ. ಇಷ್ಟವಾದದ್ದನ್ನೆಲ್ಲ ಗಂಟು ಗಂಟಾಗಿ ಕಟ್ಟಿಟ್ಟುಕೊಂಡಿದ್ದ. ‘ಮೋಡಗಳು’ ಒಂದು ಗಂಟು, ‘ಹಳೇ ಬಾಗಿಲುಗಳು’ ಒಂದು, ‘ಮಳೆ ನಿಂತ ಮೇಲಿನ ಬೀದಿಗಳು’ ಒಂದು, ‘ತಾತಂದಿರು’ ಒಂದು. ಯಾವ ದೇಶದ್ದೋ ಒಂದು ನೀಲಿ ಬಾಗಿಲು ಕಣ್ಣಿಗೆ ಬಿದ್ದರೆ ಸಾಕು, ಅದನ್ನು ಮೆಲ್ಲಗೆ ತಳ್ಳಿ ಒಳಗೆ ಹೋಗಿ, ಹಜಾರ ದಾಟಿ, ಹಿತ್ತಲಿನ ತಣ್ಣನೆಯ ನೆರಳಲ್ಲಿ ಕೂತುಬಿಡುತ್ತಿದ್ದ. ಗಿರಾಕಿ ಬಂದು ಗಾಜು ತಟ್ಟಿದಾಗ ಹಿಂದಿರುಗಿ ಬರಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ, ನಾಲ್ಕು ಸಾಲು ಪದ್ಯವನ್ನೂ ಹೊತ್ತು ತರುತ್ತಿದ್ದ. ಅದನ್ನು ತಾತನ ಚಿತ್ರದ ಕೆಳಗೆ ಚೆಂದದ ಅಕ್ಷರದಲ್ಲಿ ಬರೆದುಕೊಡುತ್ತಿದ್ದ.

‘ಕಾಪಿ ಹೊಡೀತೀಯಲ್ಲ ಗುರು’ ಎಂದು ಭೀಮರಾಜ ಛೇಡಿಸಿದರೆ, ‘ಕಾಪಿ ಅಲ್ಲ ಗುರು, ಸ್ಫೂರ್ತಿ’ ಎನ್ನುತ್ತಿದ್ದ.

ಹೋದ ವರ್ಷ ಅವನ ಅಜ್ಜಿ ಪಾಪಮ್ಮ, ‘ಊರೋರಿಗೆಲ್ಲ ತಾತನ್ನ ಮಾಡ್ಕೊಡ್ತೀಯ, ನಮ್ಮಾವಂದೊಂದು ಮಾಡಕ್ಕಾಗಲ್ವಾ?’ ಎಂದು ಕೇಳಿದ್ದಳು. ಮಾವ ಎಂದರೆ ಅವಳ ಗಂಡನ ತಂದೆ, ಮುನಿಕೃಷ್ಣನ ಅಪ್ಪನ ಕಡೆಯ ಮುತ್ತಾತ. ಮಾವನ ಹೆಸರನ್ನು ಪಾಪಮ್ಮ ಸೊಸೆಯಾಗಿ ಬಂದಂದಿನಿಂದ ಬಾಯಿಬಿಟ್ಟು ಹೇಳಿದವಳಲ್ಲ. ಮಿಕ್ಕದ್ದನ್ನು ಹೇಳಿದಳು.

‘ಎತ್ತರಕ್ಕಿದ್ರು. ತಲೆಗೆ ರುಮಾಲು ಸುತ್ತೋರು. ಎಡಗಿವಿ ಹರಿದು ಸೀಳಾಗಿತ್ತು, ಹೋರಿ ಕೊಂಬು ತಗುಲಿ. ವ್ಯಾಪಾರದ ಮೇಲೆ ಊರೂರು ತಿರುಗೋರು ಕಣಪ್ಪಾ. ಅಮಾಸೆಗೆ ಮನೆಗ್ ಬಂದ್ರೆ ಹುಣ್ಣಿಮೆಗೆ ಹೊಂಟೋಗೋರು. ನೆಟ್ಟಗೆ ಮುಖ ನೋಡಕ್ಕೂ ಸಿಗ್ತಿರಲಿಲ್ಲ.’

ಮುನಿಕೃಷ್ಣ ಹುಡುಕಿದ. ರುಮಾಲಿನ ಮುದುಕರು ಲೆಕ್ಕವಿಲ್ಲದಷ್ಟು ಮಂದಿ ಅವನ ಬೆರಳ ಕೆಳಗೆ ಹಾದುಹೋದರು. ಒಂದು ಸಂಜೆ ಯಾವ ಕಾಲದ್ದೋ, ಯಾರು ತೆಗೆದದ್ದೋ ಒಂದು ಹಳೆಯ ಫೋಟೋ ಸಿಕ್ಕಿತು. ಕಲ್ಲಿನ ಮೇಲೆ ಕೂತ ಎತ್ತರದ ಮುದುಕ, ತಲೆಗೆ ರುಮಾಲು, ತುಟಿಯ ಮೇಲೆ ತೆಳ್ಳನೆ ಮೀಸೆ, ಹರಿದು ಸೀಳಾದ ಎಡಗಿವಿ. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಏನೋ ಬರಹ. ಚಿತ್ರದ ಕೆಳಗಿನ ಬರಹವನ್ನು ಮುನಿಕೃಷ್ಣ ಎಂದೂ ಓದುತ್ತಿರಲಿಲ್ಲ. ಓದಿದರೆ ಕನಸು ಕೆಡುತ್ತದೆಂದು ಅವನ ನಂಬಿಕೆ. ಆ ಮುದುಕನನ್ನು ಹಾಗೇ ಎಣ್ಣೆ ಬಣ್ಣದಲ್ಲಿ ಇಳಿಸಿ ತಂದು ಗೋಡೆಗೆ ಹಾಕಿದಾಗ ಪಾಪಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಅತ್ತುಬಿಟ್ಟಳು. ‘ಅವರೇ ಕಣ್ ಮಗ’ ಎಂದಳು. ಮುನಿಕೃಷ್ಣ ಅದನ್ನು ತನ್ನ ಕುಂಚದ ಗೆಲುವೆಂದುಕೊಂಡು ವಾರಗಟ್ಟಲೆ ನೆಲದ ಮೇಲೆ ನಡೆಯಲಿಲ್ಲ.

ಈ ಶ್ರಾವಣದಲ್ಲಿ ಹೊಸಕೋಟೆಯ ಆಚೆಯ ಜಡಿಗೇನಹಳ್ಳಿಯಿಂದ ಬೈರಣ್ಣ ಎಂಬ ರೈತ ಅವನ ಹೆಸರು ಕೇಳಿಕೊಂಡು ಬಂದ. ಜೊತೆಗೆ ಅವನ ತಾಯಿ ಕದಿರಮ್ಮ, ಮಗಳು ರೂಪ. ಕದಿರಮ್ಮ ಕುರ್ಚಿಯಲ್ಲಿ ಕೂತು ತನ್ನ ಮಾವನನ್ನು ವರ್ಣಿಸತೊಡಗಿದಳು. ‘ಎಡಗಿವಿ ಹರಿದಿತ್ತಪ್ಪಾ, ದಾರೀಲಿ ಕಳ್ಳರು ಚಿನ್ನದ ಒಂಟಿ ಕಿತ್ಕಂಡ್ ಹೋಗಿದ್ರಂತೆ’ ಎನ್ನುವವರೆಗೆ ಮುನಿಕೃಷ್ಣ ಕೇಳಿಸಿಕೊಂಡ. ಅಲ್ಲಿಂದ ಮುಂದಕ್ಕೆ ಅವನ ಕಿವಿ ಕೆಲಸ ಮಾಡಲಿಲ್ಲ. ಯಾಕೆಂದರೆ ರೂಪ ಗೋಡೆಯ ಮೇಲಿನ ಅವನ ಚಿತ್ರವೊಂದನ್ನು ನೋಡುತ್ತ ನಿಂತಿದ್ದಳು.

‘ಈ ಮೋಡ ಯಾವೂರಿಂದು?’ ಎಂದು ಕೇಳಿದಳು.

‘ಇನ್ನೂ ಹೋಗಿಲ್ಲ’ ಎಂದ ಮುನಿಕೃಷ್ಣ.

ಅವಳು ನಕ್ಕಳು. ಆ ನಗು ಅಂಗಡಿಯ ಗಾಜುಗಳಲ್ಲೆಲ್ಲ ಓಡಾಡಿ ಇವನ ಎದೆಯಲ್ಲಿ ಬಂದು ಕೂತಿತು. ಅವರು ಹೋದ ಮೇಲೆ ಮೊಬೈಲು ತೆರೆದು ನೋಡಿದರೆ ‘ತಾತಂದಿರು’ ಗಂಟಿನಲ್ಲಿ ಹರಿದ ಕಿವಿಯಿದ್ದವನು ಒಬ್ಬನೇ. ಮುನಿಕೃಷ್ಣ ತೇಲುತ್ತಲೇ ಅವನನ್ನೇ ಮತ್ತೊಮ್ಮೆ ಬರೆದ.

ಚಿತ್ರ ನೋಡಿ ಕದಿರಮ್ಮನೂ ಅತ್ತಳು. ಬೈರಣ್ಣನಂತೂ, ನಮ್ಮ ತಾತನ್ನೇ ವಾಪಸ್ ಕರಕೊಂಡು ಬಂದ ಹುಡುಗ ಎಂದು ಊರೆಲ್ಲ ಹೇಳಿದ. ಆ ಮೆಚ್ಚಿಗೆ ಬೆಳೆದು ಸಂಬಂಧದ ಮಾತಾಯಿತು. ಹಿರಿಯರು ಕೂತು ಕೇಳಿಕೊಂಡರು. ಅವರ ಮನೆದೇವರು ಭೈರವ, ಇವರದು ಮುನೇಶ್ವರ. ಅಡ್ಡಿಯಿಲ್ಲ ಎಂದಾಯಿತು. ದಸರೆಯಲ್ಲಿ ಒಪ್ಪಿಗೆ ಶಾಸ್ತ್ರ ಎಂದೂ ಆಯಿತು. ರೂಪ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಡಂ. ದಿನಾ ಸಂಜೆ ಒಂದು ಮೆಸೇಜು ಕಳಿಸುತ್ತಿದ್ದಳು. ಅದರಲ್ಲಿ ಎಲ್ಲ ಇರುತ್ತಿತ್ತು, ಕರೆಯುವ ಮಾತೊಂದು ಇರುತ್ತಿರಲಿಲ್ಲ. ‘ರೀ’ ಎಂದು ಒಮ್ಮೆ ಅವಳ ಬಾಯಿಂದ ಕೇಳಿಬಿಟ್ಟರೆ ಜನ್ಮ ಸಾರ್ಥಕ ಎಂದು ಮುನಿಕೃಷ್ಣ ಕಾಯುತ್ತಿದ್ದ. ಆ ಒಂದಕ್ಷರಕ್ಕೆ ಎಷ್ಟೋ ಪದ್ಯಗಳನ್ನು ಬರೆದು ಹರಿದೂ ಹಾಕಿದ್ದ.

ಹೀಗಿರುವಾಗ ಪಕ್ಷ ಬಂತು. ಜಡಿಗೇನಹಳ್ಳಿಯವರು ತಮ್ಮ ಮನೆಯಲ್ಲಿ ಹಿಂದಿನ ದಿನವೇ ಮಾಡಿ ಮುಗಿಸಿದ್ದರು. ಪಕ್ಷದಲ್ಲಿ ಶುಭಕಾರ್ಯದ ಮಾತು ಎತ್ತಬಾರದು, ಊಟಕ್ಕೇನೂ ಅಡ್ಡಿಯಿಲ್ಲವಲ್ಲ, ಹಾಗೇ ಮನೆ ನೋಡಿದಂತೆಯೂ ಆಗಲಿ ಎಂದು ಪಾಪಮ್ಮ ಮೂವರನ್ನೂ ಊಟಕ್ಕೆ ಕರೆದಿದ್ದಳು.

ಬೆಳಿಗ್ಗೆ ರೂಪ ಒಂದು ಫೋಟೋ ಕಳಿಸಿದಳು. ‘ನೆನ್ನೆ ನಮ್ಮನೆ ಎಡೆ. ನೀವು ಬರೆದ ತಾತ ಹೇಗೆ ಕಾಣ್ತಿದಾರೆ ನೋಡಿ.’ ಫೋಟೋದ ಮೂಲೆಯಲ್ಲಿ ಅವಳ ಬಳೆ ತೊಟ್ಟ ಕೈ ಇತ್ತು. ಮುನಿಕೃಷ್ಣ ಆ ಕೈಯನ್ನು ಹಿಡಿದುಕೊಂಡು ಎಲ್ಲೆಲ್ಲೋ ಮಳೆ ನಿಂತ ಬೀದಿಗಳಲ್ಲಿ ತಿರುಗಿ ಬಂದ. ಬಹಳ ಹೊತ್ತಿನ ಮೇಲೆ ನಿಟ್ಟುಸಿರು ಬಿಟ್ಟು ತಲೆಯೆತ್ತಿದರೆ, ಮೊಬೈಲಿನಲ್ಲಿದ್ದ ತಾತ ಎದುರು ಗೋಡೆಯ ಮೇಲೂ ಇದ್ದ.

ಅದೇ ರುಮಾಲು, ಅದೇ ಕಿವಿ. ಮುನಿಕೃಷ್ಣ ಎದ್ದು ಪಟವನ್ನು ಗೋಡೆಯಿಂದ ಇಳಿಸಿದ.

‘ಅಜ್ಜಿ, ಈ ಸಲ ಪಟ ಬ್ಯಾಡ. ಬರೀ ಕಳಸ ಇಡಾಣ’ ಎಂದ.

‘ಹಿರೀಕರು ಬಂದು ತಮ್ಮ ಮುಖ ಕಾಣ್ದೆ ಇನ್ಯಾರ ಮನೆಗಾದ್ರೂ ಹೋಗ್ಬಿಟ್ರೆ?’ ಎಂದಳು ಪಾಪಮ್ಮ. ‘ಕದಿರಮ್ಮ ಬರ್ತಾಳೆ, ನಮ್ಮಾವನ್ನ ನೋಡ್ಲಿ. ಅವರ ಮನೇಲಿ ಮಾತ್ರ ಇರೋದಾ ಪಟ?’

ಅಡುಗೆಮನೆಯಲ್ಲಿ ಅವನ ಅವ್ವ ಅನಸೂಯ ಮಸಾಲೆ ರುಬ್ಬುತ್ತಿದ್ದಳು. ಅಲ್ಲಿಂದಲೇ, ‘ಅಜ್ಜಿ ಹೇಳ್ದಂಗ್ ಕೇಳೋ’ ಎಂದಳು. ಮುನಿಕೃಷ್ಣ ಗಾಜು ಒರೆಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ, ಪಟವನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ಓಡಿದ.

ಭೀಮರಾಜ ಬನ್ನಿನ ತಟ್ಟೆಯನ್ನು ಅಲ್ಲೇ ಬಿಟ್ಟು ಬಂದು ಕತೆಯನ್ನೆಲ್ಲ ಕೇಳಿದ. ‘ನಿಜ ಹೇಳ್ಬಿಡು ಗುರು’ ಎಂದ.

‘ಏನಂತ ಹೇಳ್ಲಿ? ನೀವು ನೆನ್ನೆ ಮಟನ್ ಸಾರು ಇಟ್ಟಿದ್ದು ನಿಮ್ಮ ತಾತಂಗಲ್ಲ, ಯಾವನಿಗೋ ಅಂತಲಾ? ಆಮೇಲೆ ಹೆಣ್ ಕೊಡ್ತಾರಾ?’

‘ಹಂಗಾದ್ರೆ ಸುಮ್ನಿದ್ಬಿಡು.’

‘ಸುಮ್ನಿದ್ರೆ ಎರಡು ಮನೇಗೂ ಒಂದೇ ತಾತ ಅಂತಾಗುತ್ತೆ ಕಣೋ. ದಾಯಾದಿಗಳಾಗ್ಬಿಡ್ತೀವಿ. ರೂಪ ನಂಗೆ ತಂಗಿ ಆಗ್ಬಿಡ್ತಾಳೆ.’

ಭೀಮರಾಜ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ‘ಮೀಸೆ ಬರಿ’ ಎಂದ. ‘ಜೋರಾಗಿ ಬರಿ. ಕಿವಿ ಹೊಲಿದ್ಬಿಡು. ಹೆತ್ತ ತಾಯೂ ಗುರುತು ಹಿಡೀಬಾರ್ದು.’

ಉಪಾಯ ಚೆನ್ನಾಗಿತ್ತು. ಎಂಥ ಮೀಸೆ ಎಂದು ನೋಡಲು ಮುನಿಕೃಷ್ಣ ಮೊಬೈಲು ತೆರೆದ. ಅಲ್ಲೇ ತಪ್ಪಾಯಿತು. ಮೀಸೆಗಳು ಬಂದವು. ಚೂಪಾದವು, ಇಳಿಬಿದ್ದವು, ತಿರುವಿ ಕಿವಿಗೆ ಕಟ್ಟಿಕೊಂಡವು. ಒಂದು ಮೀಸೆಯ ಯಜಮಾನ ದೋಣಿಯಲ್ಲಿ ಕೂತಿದ್ದ. ದೋಣಿ ಚೆನ್ನಾಗಿತ್ತು. ಅದರಿಂದ ನದಿಗೆ, ನದಿಯಿಂದ ಒಂದು ಮರದ ಸೇತುವೆಗೆ, ಸೇತುವೆ ದಾಟಿದರೆ ಮತ್ತದೇ ನೀಲಿ ಬಾಗಿಲು. ಈ ಸಲ ಬಾಗಿಲು ಒಳಗಿನಿಂದಲೇ ತೆರೆಯಿತು. ರೂಪ ನಿಂತಿದ್ದಳು, ಹಿಂದೆ ಅವನ ಮೋಡಗಳೆಲ್ಲ ಬಟ್ಟೆ ಒಣಹಾಕಿದ ಹಾಗೆ ತಂತಿಯ ಮೇಲೆ ಆಡುತ್ತಿದ್ದವು. ಅವಳು ತುಟಿ ತೆರೆದು ಇನ್ನೇನು ಆ ಒಂದಕ್ಷರವನ್ನು ಅನ್ನಬೇಕು.

‘ಲೇ, ಬಸ್ ಬಂತು’ ಎಂದು ಭೀಮರಾಜ ಭುಜ ಹಿಡಿದು ಅಲ್ಲಾಡಿಸಿದ. ‘ಹೊಸಕೋಟೆ ಕಡೆಯಿಂದ ಬಂದೋರು ಇಳೀತಾ ಅವ್ರೆ. ನಿಮ್ಮ ಮಾವ ಅದ್ರಲ್ಲಿ ಅವ್ರೋ ಏನೋ.’

ಮುನಿಕೃಷ್ಣ ಗಡಬಡಿಸಿ ಕಟ್ಟು ಬಿಚ್ಚಿದ. ಬೇಗ ಒಣಗಲಿ ಎಂದು ನೀರಿನ ಬಣ್ಣದಲ್ಲೇ ತಾತನಿಗೆ ಪೊರಕೆಯಂಥ ಮೀಸೆ ಬರೆದ. ಹರಿದ ಕಿವಿಯನ್ನು ಕೂಡಿಸಿದ. ಭೀಮರಾಜನ ಒತ್ತಾಯಕ್ಕೆ ಒಂದು ಕನ್ನಡಕವನ್ನೂ ಇಟ್ಟ. ಅವಸರದಲ್ಲಿ ಗಾಜು ಕೈಜಾರಿ ಚೂರುಚೂರಾಯಿತು. ಇನ್ನೊಂದು ಕತ್ತರಿಸಲು ಸಮಯವಿರಲಿಲ್ಲ. ಗಾಜಿಲ್ಲದ ಪಟವನ್ನೇ ಎದೆಗವಚಿಕೊಂಡು ಹೊರಟ. ಮುಂದೇನಾಗುತ್ತದೋ ನೋಡಲೇಬೇಕೆಂದು ಭೀಮರಾಜ ಬೇಕರಿಗೆ ಬೀಗ ಹಾಕಿ ಹಿಂದೆಯೇ ಬಂದ.

ಮನೆಯ ತಿರುವಿನಲ್ಲಿ ಪಕ್ಕದ ಮನೆ ಸಪ್ಪಲಮ್ಮ ಅಡ್ಡ ಸಿಕ್ಕಿದಳು. ಯಾರ ಮನೆಯ ಸಾರಿಗೆ ಎಷ್ಟು ಉಪ್ಪು ಬಿತ್ತೆಂದು ತಿಳಿಯದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. ಪಟವನ್ನು ಎಳೆದು ನೋಡಿದಳು.

‘ಇದು ನಮ್ಮ ಯಜಮಾನ್ರ ಮೀಸೆ’ ಎಂದಳು.

‘ಅಲ್ಲ ಅತ್ತೆ, ನಮ್ಮ ಮುತ್ತಾತಂದು.’

‘ಇಪ್ಪತ್ತು ವರ್ಷ ಎಣ್ಣೆ ಹಚ್ಚಿದ್ದೀನಿ ಕಣೋ, ನಂಗೊತ್ತಾಗಲ್ವಾ? ಬೇಲಿ ಜಗಳದಲ್ಲಿ ಅವರನ್ನ ಬೈದಿದ್ದ ನಿಮ್ಮಜ್ಜಿ, ಈಗ ಎಡೆ ಬೇರೆ ಇಡ್ತಾಳಂತಾ? ನಡಿ, ನಾನೂ ಬರ್ತೀನಿ’ ಎಂದು ಆಕೆಯೂ ಸೆರಗು ಸಿಕ್ಕಿಸಿಕೊಂಡು ಹೊರಟಳು.

ನಡುಮನೆಯಲ್ಲಿ ಮಣೆಯ ಮೇಲೆ ಪಟ ಏರಿತು. ಮುಂದೆ ಬಾಳೆಲೆ, ಮುದ್ದೆ, ಮಟನ್ ಸಾರು, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಪಾಪಮ್ಮನ ಕಣ್ಣಿಗೆ ಈ ವರ್ಷ ಪೊರೆ ಬಂದಿದ್ದುದರಿಂದ ಮೀಸೆಯ ಸುದ್ದಿ ಅವಳಿಗಿನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಜಡಿಗೇನಹಳ್ಳಿಯವರು ಬಂದರು. ಕೈಕಾಲು ತೊಳೆದು ಒಳಗೆ ಬಂದ ಬೈರಣ್ಣ ಪಟದ ಮುಂದೆ ನಿಂತು ಕೈಮುಗಿದ.

‘ನಿಮ್ಮ ಮುತ್ತಾತನಾ? ಮೀಸೆ ಜೋರಾಗೈತೆ’ ಎಂದ.

‘ಹೂಂ ಮಾವ, ಆ ಕಾಲದೋರು’ ಎಂದ ಮುನಿಕೃಷ್ಣ. ಧ್ವನಿ ಎಲ್ಲಿಂದಲೋ ಬಂತು.

ಕದಿರಮ್ಮ ಕತ್ತು ಓರೆ ಮಾಡಿ ನೋಡಿದಳು. ‘ಎಲ್ಲೋ ನೋಡ್ದಂಗೈತಲ್ಲ’ ಎಂದಳು. ‘ನೋಡಿರ್ತೀರಾ, ನಮ್ಮ ಯಜಮಾನ್ರು ಅದು’ ಎಂದಳು ಸಪ್ಪಲಮ್ಮ. ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ರೂಪ ಅವನ ಕಡೆ ನೋಡಿ ಸಣ್ಣಗೆ ನಕ್ಕಳು. ಗಂಡಾಂತರ ಕಳೆಯಿತೆಂದುಕೊಂಡ ಮುನಿಕೃಷ್ಣ ಅರೆಗಳಿಗೆ ಮತ್ತೆ ಮೋಡದ ಮೇಲೆ ಹೋಗಿ ಕೂತ.

ವಿಭೂತಿ ಹಚ್ಚುವ ಮೊದಲು ಪಟವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಪಾಪಮ್ಮನ ಪದ್ಧತಿ. ಮುನಿಕೃಷ್ಣ ಮೋಡದಿಂದ ಇಳಿಯುವಷ್ಟರಲ್ಲಿ ಅವಳು ಚೆನ್ನಾಗಿ ಒರೆಸಿ ಆಗಿತ್ತು. ಮೊದಲು ಮೀಸೆ ಬಟ್ಟೆಗೆ ಬಂತು. ಆಮೇಲೆ ಕನ್ನಡಕ. ಕೊನೆಗೆ, ಸೇರಿಕೊಂಡಿದ್ದ ಕಿವಿ ಎಲ್ಲರ ಕಣ್ಣೆದುರಿಗೇ ಮೆಲ್ಲಗೆ ಹರಿದುಕೊಂಡಿತು.

ಕದಿರಮ್ಮ ದಡಬಡ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ‘ನಮ್ಮಾವ ಇಲ್ಯಾಕವ್ರೆ?’ ಎಂದಳು.

‘ನಿಮ್ಮಾವ ಯಾಕಾಗ್ತಾರೆ, ನಮ್ಮಾವ’ ಎಂದಳು ಪಾಪಮ್ಮ.

ಬೈರಣ್ಣ ಮೊಬೈಲು ತೆಗೆದು ತಮ್ಮ ಮನೆಯ ಎಡೆಯ ಫೋಟೋವನ್ನು ಪಟದ ಪಕ್ಕಕ್ಕೆ ಹಿಡಿದ. ಕಿವಿಗೆ ಕಿವಿ, ರುಮಾಲಿಗೆ ರುಮಾಲು ತಾಳೆಯಾಯಿತು. ಕೂಡಲೇ ಸಪ್ಪಲಮ್ಮನ ತೀರ್ಪು ಬಂತು. ‘ಒಬ್ಬನೇ ತಾತ ಅಂದ್ಮೇಲೆ ಒಂದೇ ಕುಲ. ಹುಡ್ಗ ಹುಡ್ಗಿ ಅಣ್ಣ ತಂಗಿ ಆದ್ರು. ಶಾಸ್ತ್ರಕ್ಕೆ ಮುಂಚೆ ಗೊತ್ತಾಯ್ತಲ್ಲ, ಪುಣ್ಯ.’

ರೂಪಳ ಮುಖದಲ್ಲಿದ್ದ ನಗು ಆರಿಹೋಯಿತು. ಅದನ್ನು ನೋಡಿ ಮುನಿಕೃಷ್ಣನಿಗೆ ತಡೆಯಲಾಗಲಿಲ್ಲ. ಮಾನ ಹೋದರೆ ಹೋಗಲಿ, ಈ ಹುಡುಗಿ ಹೋಗಬಾರದು ಎಂದುಕೊಂಡು ಬೈರಣ್ಣನ ಕಾಲ ಬಳಿ ಕೂತುಬಿಟ್ಟ.

‘ಮಾವ, ಅವರು ನಿಮ್ಮ ತಾತಾನೂ ಅಲ್ಲ, ನಮ್ಮ ತಾತಾನೂ ಅಲ್ಲ. ಯಾರೋ ದಾರಿಹೋಕ. ಮೊಬೈಲ್‌ನಲ್ಲಿ ಸಿಕ್ಕಿದ. ಕಿವಿ ಹರಿದಿತ್ತು ಅಂತ ಎರಡು ಮನೇಗೂ ಅವನನ್ನೇ ಬರ್ಕೊಟ್ಟೆ. ಸ್ಫೂರ್ತಿ ಗೀರ್ತಿ ಏನಿಲ್ಲ ಮಾವ, ಬರೀ ಕಾಪಿ’ ಎಂದು ಮೊಬೈಲು ತೆರೆದು ಆ ಹಳೆಯ ಫೋಟೋ ತೋರಿಸಿದ.

ಬೈರಣ್ಣ ಪಟ ನೋಡಿದ, ಮೊಬೈಲು ನೋಡಿದ, ಇವನನ್ನು ನೋಡಿದ. ಮೀಸೆಯ ಅಂಚು ನಡುಗಿತು. ಬೈಗುಳ ಬರುತ್ತದೆಂದು ಎಲ್ಲರೂ ಕಾದರೆ ಬಂದದ್ದು ನಗು.

‘ಅಯ್ಯೋ ನಿನ್ನ, ಯಾವನೋ ಪರದೇಸಿಗೆ ನೆನ್ನೆ ಎರಡು ಕೇಜಿ ಮಟನ್ ಉಣ್ಣಿಸಿದ್ವಲ್ಲೋ’ ಎಂದು ಕಣ್ಣೊರೆಸಿಕೊಂಡ. ‘ಹೋಗ್ಲಿ ಏಳು. ಅವನೂ ಹಸ್ಕೊಂಡಿದ್ನೋ ಏನೋ. ತಪ್ಪು ಒಪ್ಕೊಂಡ್ಯಲ್ಲ, ಅಷ್ಟು ಸಾಕು. ದಸರೆಗೆ ಶಾಸ್ತ್ರ ಆಗೇ ಆಗುತ್ತೆ.’

ಮುನಿಕೃಷ್ಣನಿಗೆ ಮನೆಯ ಹೆಂಚು ತೆಗೆದು ಆಕಾಶ ಕಂಡ ಹಾಗಾಯಿತು. ಪಾಪಮ್ಮ ಮಾತ್ರ ಒದ್ದೆ ಬಟ್ಟೆ ಹಿಡಿದು ಗೊಣಗುತ್ತಲೇ ಇದ್ದಳು, ಅವರೇ ಕಣೋ, ನಂಗೊತ್ತಿಲ್ವಾ ಎಂದು. ಕದಿರಮ್ಮನೂ ಸೆರಗು ಇಳಿಸಿರಲಿಲ್ಲ.

ರೂಪ ಹಗುರಾಗಿ ಬಂದು ಅವನ ಕೈಯಿಂದ ಮೊಬೈಲು ತೆಗೆದುಕೊಂಡಳು. ಅವಳ ಬೆರಳು ಅವನ ಬೆರಳಿಗೆ ತಾಗಿತು. ‘ಪಾಪ, ಯಾವ ದೇಶದೋರೋ ನೋಡೋಣ. ಕೆಳಗೆ ಇಂಗ್ಲಿಷಲ್ಲಿ ಬರೆದಿದೆಯಲ್ಲ’ ಎಂದು ಫೋಟೋವನ್ನು ದೊಡ್ಡದು ಮಾಡಿ, ಮೇಡಮ್ಮಿನ ಧ್ವನಿಯಲ್ಲಿ ಕನ್ನಡ ಮಾಡಿ ಹೇಳಿದಳು. ‘ರೇಷ್ಮೆಗೂಡಿನ ವ್ಯಾಪಾರಿ. ವಿಜಯಪುರದ ಸಂತೆ. ಮೈಸೂರು ರಾಜ್ಯ.’

ವಿಜಯಪುರ ಅಂದರೆ ಉತ್ತರದ ಆ ದೊಡ್ಡ ಪಟ್ಟಣವಲ್ಲ, ಚನ್ನರಾಯಪಟ್ಟಣದಿಂದ ಕೂಗಳತೆಯ ಊರು.

‘ನಮ್ಮಾವ ಮಾಡ್ತಿದ್ದಿದ್ದು ಗೂಡಿನ ವ್ಯಾಪಾರಾನೇ’ ಎಂದಳು ಪಾಪಮ್ಮ.

‘ನಮ್ಮಾವನೂವೆ’ ಎಂದಳು ಕದಿರಮ್ಮ. ‘ವಿಜಯಪುರಕ್ಕೆ ಗೂಡು ಹಾಕಕ್ ಹೋಗೋರು. ಹುಣ್ಣಿಮೆಗೆ ಮನೆಗ್ ಬಂದ್ರೆ ಅಮಾಸೆಗೆ ಹೊಂಟೋಗೋರು. ಹದಿನೈದು ದಿನ ಪತ್ತೇನೇ ಇರ್ತಿರಲಿಲ್ಲ.’

ಪಾಪಮ್ಮ ಒದ್ದೆ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ‘ನಮ್ಮನೇಗೆ ಅಮಾಸೆಗೆ ಬರೋರು’ ಎಂದಳು ನಿಧಾನವಾಗಿ. ‘ಹುಣ್ಣಿಮೆಗೆ ಹೋಗೋರು.’

ಇಬ್ಬರು ಮುದುಕಿಯರೂ ಪಟದ ಕಡೆ ತಿರುಗಿದರು. ರುಮಾಲಿನ ಯಜಮಾನ ಇಬ್ಬರನ್ನೂ ಸಮವಾಗಿ ನೋಡುತ್ತಿದ್ದ. ತಿಂಗಳನ್ನು ಸರಿಯಾಗಿ ಎರಡು ಪಾಲು ಮಾಡಿದ್ದ ಮನುಷ್ಯ, ಜಗಳ ಬೇಡವೆಂದು ಮನೆದೇವರನ್ನೂ ಒಂದೊಂದು ಹಂಚಿಕೊಟ್ಟು ಹೋಗಿದ್ದ.

‘ಅಂದ್ರೆ ನೀನು ನಂಗೆ ವಾರಗಿತ್ತಿ’ ಎಂದಳು ಕದಿರಮ್ಮ. ಪಾಪಮ್ಮ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು. ‘ಹೋರಿ ಕೊಂಬು ತಗುಲಿ ಕಿವಿ ಹರೀತು ಅಂದಿದ್ರು ನಮ್ಮನೇಲಿ.’ ‘ಕಳ್ಳರು ಅಂದಿದ್ರು ನಮ್ಮನೇಲಿ.’ ‘ಹೋರೀನೂ ಅಲ್ಲ, ಕಳ್ಳರೂ ಅಲ್ಲ ಬಿಡಕ್ಕ. ನಿಮ್ಮತ್ತೇನೋ ನಮ್ಮತ್ತೇನೋ, ಯಾರೋ ಒಬ್ಬಳಿಗೆ ವಿಷಯ ಗೊತ್ತಾಗಿರ್ಬೇಕು’ ಎಂದಳು ಪಾಪಮ್ಮ.

ಬೈರಣ್ಣ ಮುನಿಕೃಷ್ಣನನ್ನು ಎಬ್ಬಿಸಿ ಗಟ್ಟಿಯಾಗಿ ತಬ್ಬಿಕೊಂಡ. ‘ಅಳಿಯ ಆಗ್ಬೇಕಾದೋನು ಮಗನೇ ಆಗ್ಬಿಟ್ಟೆ ಕಣಪ್ಪಾ’ ಎಂದ. ‘ನೀನು ಆ ಫೋಟೋ ತೋರಿಸ್ದೆ ಇದ್ದಿದ್ರೆ ಎಂಥಾ ಅನಾಹುತ ಆಗೋಗ್ತಿತ್ತು. ನಿಜ ಹೇಳಿ ವಂಶ ಉಳಿಸ್ದೆ. ಇನ್ಮೇಲೆ ದೊಡ್ಡಪ್ಪ ಅನ್ನು, ಮಾವ ಗೀವ ಅನ್ಬೇಡ.’ ಭೀಮರಾಜ ಹಿಂದಿನಿಂದ ಬಗ್ಗಿ, ‘ಕಾಪಿ ಅಂದ್ರೆ ಹಿಂಗಿರ್ಬೇಕು ಗುರು’ ಎಂದು ಕಿವಿಯಲ್ಲಿ ಪಿಸುಗುಟ್ಟಿದ.

ಒಂದೇ ಎಡೆಗೆ ಎರಡು ಮನೆಯವರೂ ಕೈಮುಗಿದರು. ಎಲೆ ಹಾಕಿದರು. ಮುನಿಕೃಷ್ಣ ತನ್ನ ಎಲೆಯ ಮುಂದೆ ಕೂತು ಸಾರಿನಲ್ಲಿ ತೇಲುವ ಎಣ್ಣೆಯನ್ನೇ ನೋಡುತ್ತಿದ್ದ. ಆ ಹೊತ್ತಿಗೆ ಅವನಿಗೆ ಹೋಗಲು ಯಾವ ಬಾಗಿಲೂ ನೆನಪಾಗಲಿಲ್ಲ.

ಬಡಿಸಲು ಅನಸೂಯಳ ಜೊತೆ ರೂಪ ನಿಂತಿದ್ದಳು. ಮುದ್ದೆಯ ತಟ್ಟೆ ಹಿಡಿದು ಒಂದೊಂದೇ ಎಲೆ ದಾಟಿ ಬಂದು ಅವನ ಮುಂದೆ ನಿಂತಳು. ಅವಳ ಕಾಲಿನ ಬೆರಳುಗಳು ನೆಲವನ್ನು ಒತ್ತುತ್ತಿದ್ದವು. ಮುಂದಕ್ಕೆ ಹೋಗಲಿಲ್ಲ.

‘ಯಾಕೆ ಹಂಗ್ ನಿಂತೆ? ಬಾಯ್ಬಿಟ್ಟು ಕರೆದು ಕೇಳು’ ಎಂದಳು ಕದಿರಮ್ಮ.

ಶ್ರಾವಣದಿಂದ ಕಾದಿದ್ದ ಮುನಿಕೃಷ್ಣ ತಲೆಯೆತ್ತಿ ನೋಡಿದ. ರೂಪಳ ಕಣ್ಣಲ್ಲಿ ನೀರು ತುಂಬಿತ್ತು. ತುಟಿ ಒಂದೆರಡು ಸಲ ತೆರೆದು ಮುಚ್ಚಿತು.

‘ಅಣ್ಣಾ,’ ಎಂದಳು. ‘ಇನ್ನೊಂದ್ ಮುದ್ದೆ ಇಡ್ಲಾ?’